ಇಂಚಿಗೆ ಸಾವಿರದ ಆರುನೂರು

ತೊಂಬತ್ತರ ದಶಕದ ಮಧ್ಯದಲ್ಲಿ ಬೆಂಗಳೂರಿನ ಒಂದು ಕಚೇರಿಗೆ ಯುನಿಕ್ಸ್ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅಲ್ಲಿ ಸೇರಿದ ಮೊದಲ ವಾರದಿಂದಲೇ ಎರಡು ಸಂಖ್ಯೆಗಳು ಕಿವಿಗೆ ಬೀಳತೊಡಗಿದವು: 1600 ಮತ್ತು 6250. ಟೇಪಿನ ಡಬ್ಬಿಗಳ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿರುತ್ತಿದ್ದರು. ಕೊರಿಯರ್ ಲಕೋಟೆಯ ಒಳಗಿನ ಪತ್ರದಲ್ಲಿ ಇರುತ್ತಿತ್ತು. ಬೇರೆ ಊರಿನಿಂದ ಫೋನು ಬಂದರೆ ನಮಸ್ಕಾರದ ಮರುಕ್ಷಣವೇ ಆ ಕಡೆಯವರು ಕೇಳುತ್ತಿದ್ದುದು, "ಯಾವುದರಲ್ಲಿ ಬರೆದಿದ್ದೀರಿ, ಹದಿನಾರು ನೂರಾ, ಅರವತ್ತೆರಡು ಐವತ್ತಾ?"

ನಮ್ಮದು ಉಪಗ್ರಹ ಚಿತ್ರಗಳಿಂದ ನಕ್ಷೆ ತಯಾರಿಸುವ ಕೆಲಸ. ಕೋಲಾರದ ಕೆರೆಗಳಲ್ಲಿ ಎಷ್ಟು ಹೂಳು ತುಂಬಿದೆ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಲ್ಲಿ ಜೌಗು ಹಿಡಿದಿದೆ, ಮಲೆನಾಡಿನ ಕಾಡು ಯಾವ ಕಡೆಯಿಂದ ಕರಗುತ್ತಿದೆ ಎಂಬುದನ್ನೆಲ್ಲ ಚಿತ್ರದಿಂದ ತೆಗೆಯಬೇಕಿತ್ತು. ಚಿತ್ರಗಳು ಬರುತ್ತಿದ್ದದ್ದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಸಂಸ್ಥೆಯಿಂದ. 1988ರ ಮಾರ್ಚ್ 17ರಂದು ಐಆರ್‌ಎಸ್-1ಎ ಕಕ್ಷೆಗೆ ಏರಿದ ಮೇಲೆ ನಮ್ಮದೇ ನೆಲದ ಚಿತ್ರ ನಮ್ಮದೇ ಉಪಗ್ರಹದಿಂದ ಸಿಗತೊಡಗಿತ್ತು. ಅದರ ಲಿಸ್-1 ಕ್ಯಾಮೆರಾ 148 ಕಿಲೋಮೀಟರ್ ಅಗಲದ ನೆಲವನ್ನು ಒಂದು ಸಾಲಿಗೆ 2048 ಚುಕ್ಕೆಗಳಾಗಿ, ನಾಲ್ಕು ಬಣ್ಣಪಟ್ಟಿಗಳಲ್ಲಿ ನೋಡುತ್ತಿತ್ತು. ಒಂದು ಪೂರ್ತಿ ದೃಶ್ಯ ಅಂದರೆ ಸುಮಾರು 20 ಮೆಗಾಬೈಟ್. ಇಂದು ಫೋನಿನಲ್ಲಿ ತೆಗೆದ ನಾಲ್ಕಾರು ಫೋಟೋಗಳ ಗಾತ್ರ. ಆಗ ಅದಕ್ಕೆ ಒಂದು ಇಡೀ ಟೇಪ್ ಸುರುಳಿ ಮೀಸಲು.

ಸುರುಳಿಯನ್ನು ನೋಡದವರಿಗಾಗಿ ಹೇಳುತ್ತೇನೆ. ಅರ್ಧ ಇಂಚು ಅಗಲದ ಕಂದು ಪಟ್ಟಿ, 2400 ಅಡಿ ಉದ್ದ, ಹತ್ತೂವರೆ ಇಂಚು ವ್ಯಾಸದ ಪ್ಲಾಸ್ಟಿಕ್ ಚಕ್ರಕ್ಕೆ ಸುತ್ತಿರುತ್ತದೆ. ಪಟ್ಟಿಯ ಅಗಲದಲ್ಲಿ ಒಂಬತ್ತು ಹಾದಿಗಳು. ಎಂಟರಲ್ಲಿ ಮಾಹಿತಿಯ ಎಂಟು ಬಿಟ್, ಒಂಬತ್ತನೆಯದರಲ್ಲಿ ತಾಳೆ ನೋಡುವ ಪ್ಯಾರಿಟಿ ಬಿಟ್. ಹಾಗಾಗಿ ಪಟ್ಟಿಗೆ ಅಡ್ಡಲಾಗಿ ಒಂದು ಗೆರೆ ಎಳೆದರೆ ಅಲ್ಲಿ ಒಂದು ಬೈಟ್ ಪೂರ್ತಿ ಕೂತಿರುತ್ತದೆ. ಇಂಥ ಗೆರೆಗಳು ಒಂದು ಇಂಚಿನಲ್ಲಿ ಎಷ್ಟು ಎನ್ನುವುದೇ ಡೆನ್ಸಿಟಿ. ಇಂಚಿಗೆ ಇಷ್ಟು ಬಿಟ್ ಎಂದು ಹೆಸರಿದ್ದರೂ ಒಂಬತ್ತು ಹಾದಿಯ ಟೇಪಿನಲ್ಲಿ ಅದು ಇಂಚಿಗೆ ಅಷ್ಟೇ ಬೈಟ್. ಹೊಸಬರು ಎಂಟರಿಂದ ಭಾಗಿಸಿ ಲೆಕ್ಕ ಹಾಕಿ ಗಾಬರಿಯಾಗುವುದನ್ನು ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಕಂಪ್ಯೂಟರ್ ಕೋಣೆಗೆ ಒಬ್ಬರು ಹಿರಿಯರಿದ್ದರು. ಹೆಸರು ಹಿಡಿದು ಕರೆಯುತ್ತಿದ್ದವರು ಯಾರೂ ಇಲ್ಲ, ಎಲ್ಲರಿಗೂ ಅವರು 'ಸರ್'. ಪಂಚ್ ಕಾರ್ಡಿನ ಕಾಲದಿಂದ ಬಂದವರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕು, ಟೇಪನ್ನು ಚಕ್ರದ ನಡುವಿನಿಂದಲೇ ಹಿಡಿಯಬೇಕು, ಅಂಚು ಒತ್ತಬಾರದು, ಹೊರಗಿನಿಂದ ಬಂದ ಟೇಪನ್ನು ಕೋಣೆಯ ತಂಪಿಗೆ ಹೊಂದಿಕೊಳ್ಳುವ ತನಕ ಡ್ರೈವಿಗೆ ಹಾಕಬಾರದು ಎಂಬ ಅವರ ನಿಯಮಗಳು ಗೋಡೆಯ ಮೇಲೆ ಬರೆದಿರದಿದ್ದರೂ ಯಾರೂ ಮೀರುತ್ತಿರಲಿಲ್ಲ. ಆಯುಧಪೂಜೆಯ ದಿನ ಎಲ್ಲ ಯಂತ್ರಗಳಿಗೂ ಹೂವು, ಅರಿಶಿನ ಕುಂಕುಮ ಆಗಲೇಬೇಕು. ಆದರೆ ಟೇಪ್ ಡ್ರೈವಿನ ವಿಷಯದಲ್ಲಿ ಮಾತ್ರ ಸರ್ ಮುಂದೆ ನಿಂತು, ಕುಂಕುಮವನ್ನು ಒದ್ದೆ ಮಾಡಿ ರ‍್ಯಾಕಿನ ಪಕ್ಕದ ತಗಡಿಗೆ ಹಚ್ಚಿಸುತ್ತಿದ್ದರು. ಬಾಗಿಲ ಹತ್ತಿರ ಪುಡಿ ಉದುರಿದರೆ ಗಾಳಿಯ ಸೆಳೆತಕ್ಕೆ ನೇರ ಹೆಡ್ಡಿನ ಮೇಲೆ ಹೋಗಿ ಕೂರುತ್ತದೆ ಎಂಬ ಕಾಳಜಿ. ದೇವರ ಮೇಲೂ ಯಂತ್ರದ ಮೇಲೂ ಅವರಿಗೆ ಒಂದೇ ಥರದ ಭಕ್ತಿ ಇತ್ತು. ಅದನ್ನು ನೋಡಿಯೇ ನನಗೆ ಈ ಕೆಲಸದ ಮೇಲೆ ಪ್ರೀತಿ ಬೆಳೆದದ್ದು.

ಡೆನ್ಸಿಟಿಯ ಚರಿತ್ರೆಯನ್ನು ನಾನು ಕಲಿತದ್ದು ಅವರ ಬಾಯಿಂದ. 1952ರಲ್ಲಿ ಐಬಿಎಂ 726 ಎಂಬ ಡ್ರೈವ್ ಬಂದಾಗ ಇಂಚಿಗೆ 100. ಆಮೇಲೆ 200, 556, 800. ಈ 800ರ ತನಕ ನಡೆದ ಪದ್ಧತಿಯಲ್ಲಿ ಒಂದು ಬಂದರೆ ಕಾಂತದ ದಿಕ್ಕು ಬದಲು, ಸೊನ್ನೆ ಬಂದರೆ ಬದಲಿಲ್ಲ. ಸೊನ್ನೆಗಳು ಸಾಲಾಗಿ ಬಂದರೆ ಆ ಹಾದಿಯಲ್ಲಿ ಸದ್ದೇ ಇಲ್ಲ, ಎಷ್ಟು ಸೊನ್ನೆ ದಾಟಿತು ಎಂದು ತಿಳಿಯಲು ಪಕ್ಕದ ಹಾದಿಗಳನ್ನು ನೋಡಬೇಕು. ಒಂಬತ್ತೂ ಹಾದಿಗಳು ಒಂದೇ ಗೆರೆಯಲ್ಲಿ ಓದಿಸಿಕೊಳ್ಳಬೇಕು, ಪಟ್ಟಿ ಕೂದಲೆಳೆಯಷ್ಟು ಓರೆಯಾದರೂ ಕೆಟ್ಟಿತು. 1600ರಲ್ಲಿ ಪ್ರತಿ ಬಿಟ್ಟಿಗೂ ಕಡ್ಡಾಯವಾಗಿ ಒಂದು ಬದಲಾವಣೆ ಇಟ್ಟರು. ಪ್ರತಿ ಹಾದಿಯೂ ತನ್ನ ತಾಳವನ್ನು ತಾನೇ ಹೊತ್ತುಕೊಂಡು ಹೋಗುವಂತಾಯಿತು, ಓರೆಯ ಭಯ ಹೋಯಿತು. 1973ರಲ್ಲಿ ಐಬಿಎಂ 3420ಯ ಹೊಸ ಮಾದರಿಗಳೊಂದಿಗೆ 6250 ಬಂತು. ನಾಲ್ಕು ಬಿಟ್ಟಿನ ಗುಂಪನ್ನು ಐದು ಬಿಟ್ಟಿನ ಗುಂಪಾಗಿಸಿ ಬರೆಯುವ ವಿಧಾನ. ಐದರ ಗುಂಪುಗಳನ್ನು ಆಯುವಾಗಲೇ ಉದ್ದನೆಯ ಸೊನ್ನೆ ಸಾಲು ಬಾರದಂತೆ ನೋಡಿಕೊಂಡಿದ್ದರು. ಜೊತೆಗೆ, ತಪ್ಪು ಬಂದರೆ ತಿದ್ದಿಕೊಳ್ಳುವ ಹೆಚ್ಚುವರಿ ಬೈಟ್‌ಗಳನ್ನೂ ಸೇರಿಸಿದ್ದರು. ಪಟ್ಟಿ ಅದೇ ಅರ್ಧ ಇಂಚಿನದು, ಚಕ್ರವೂ ಅದೇ. ಬರೆಯುವ ರೀತಿ ಬದಲಾದದ್ದಕ್ಕೆ ನಾಲ್ಕು ಪಟ್ಟು ಜಾಗ ಸಿಕ್ಕಿತು.

ಜಾಗದ ಲೆಕ್ಕದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಇದನ್ನು ತಿಳಿಯದೆ ಡೆನ್ಸಿಟಿ ಅರ್ಥವಾಗುವುದಿಲ್ಲ. ಟೇಪಿನ ಮೇಲೆ ಮಾಹಿತಿ ಬ್ಲಾಕುಗಳಾಗಿ ಕೂರುತ್ತದೆ. ಎರಡು ಬ್ಲಾಕುಗಳ ನಡುವೆ ಖಾಲಿ ಜಾಗ, ಡ್ರೈವ್ ನಿಂತು ಮತ್ತೆ ವೇಗ ಹಿಡಿಯಲು. 800, 1600ರಲ್ಲಿ ಆ ಖಾಲಿ 0.6 ಇಂಚು, 6250ರಲ್ಲಿ 0.3 ಇಂಚು. ಈಗ 1600ರಲ್ಲಿ 512 ಬೈಟಿನ ಬ್ಲಾಕುಗಳಾಗಿ ಬರೆದರೆ ಬ್ಲಾಕಿಗೆ ಬೇಕಾದ್ದು 0.32 ಇಂಚು, ಅದರ ಬೆನ್ನಿಗೆ 0.6 ಇಂಚು ಖಾಲಿ. ಟೇಪಿನ ಮೂರರಲ್ಲಿ ಎರಡು ಪಾಲು ಏನೂ ಇಲ್ಲದೆ ಸುತ್ತಿಕೊಂಡಿರುತ್ತದೆ. 2400 ಅಡಿಯಲ್ಲಿ ಹಿಡಿಸುವುದು ಕಷ್ಟಪಟ್ಟು 16 ಮೆಗಾಬೈಟ್. ಅದೇ ಟೇಪಿಗೆ, ಅದೇ 1600ರಲ್ಲಿ, ಯುನಿಕ್ಸ್‌ನ ಟಾರ್ ಆಜ್ಞೆಯ ರೂಢಿಯ 10240 ಬೈಟಿನ ಬ್ಲಾಕಿನಲ್ಲಿ ಬರೆದರೆ 42 ಮೆಗಾಬೈಟ್. 6250ರಲ್ಲಿ ಅದೇ ಬ್ಲಾಕಿನಲ್ಲಿ 150ರ ಆಸುಪಾಸು. ಡಬ್ಬಿಯ ಮೇಲೆ ಬರೀ ಡೆನ್ಸಿಟಿ ಬರೆದರೆ ಸಾಲದು, ಬ್ಲಾಕ್ ಗಾತ್ರವನ್ನೂ ಬರೆಯಿರಿ ಎಂದು ಸರ್ ಯಾಕೆ ಪಟ್ಟು ಹಿಡಿಯುತ್ತಿದ್ದರೋ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದ ದಿನ ನನಗೆ ಹೊಳೆಯಿತು.

ಯುನಿಕ್ಸ್‌ನ ಸೊಗಸೆಂದರೆ ಈ ಆಯ್ಕೆಯನ್ನೆಲ್ಲ ಅದು ಒಂದು ಕಡತದ ಹೆಸರಿನೊಳಗೆ ಇಟ್ಟದ್ದು. ಡ್ರೈವ್ ಒಂದೇ, ಹೆಸರು ಹಲವು. ಯಾವ ಹೆಸರಿನಿಂದ ಕರೆಯುತ್ತೀರೋ ಆ ಡೆನ್ಸಿಟಿಯಲ್ಲಿ ಅದು ಬರೆಯುತ್ತದೆ. ಬರ್ಕ್ಲಿ ಯುನಿಕ್ಸ್‌ನಲ್ಲಿ /ಡೆವ್/ಆರ್‌ಎಂಟಿ0 ಅಂದರೆ 800, ಆರ್‌ಎಂಟಿ8 ಅಂದರೆ 1600, ಆರ್‌ಎಂಟಿ16 ಅಂದರೆ 6250. ಮೊದಲು ನೋಡಿದಾಗ ತಲೆಬುಡ ತಿಳಿಯದ ಸಂಖ್ಯೆಗಳು. ಒಳಗಿನ ಬಿಟ್‌ಗಳನ್ನು ಬಿಡಿಸಿ ನೋಡಿದರೆ ನೇರವಾಗಿವೆ: ಮೊದಲೆರಡು ಬಿಟ್ ಎಷ್ಟನೇ ಡ್ರೈವ್ ಎಂಬುದಕ್ಕೆ, ನಾಲ್ಕರ ಸ್ಥಾನದ ಬಿಟ್ 'ಕೆಲಸ ಮುಗಿದ ಮೇಲೆ ಹಿಂದಕ್ಕೆ ಸುತ್ತಬೇಡ' ಎಂಬುದಕ್ಕೆ, ಎಂಟು ಮತ್ತು ಹದಿನಾರರ ಸ್ಥಾನಗಳು ಡೆನ್ಸಿಟಿಗೆ. ಹಾಗಾಗಿ ಆರ್‌ಎಂಟಿ12 ಅಂದರೆ 1600ರಲ್ಲಿ ಬರೆ, ಸುತ್ತಬೇಡ. ಎಂಟಕ್ಕೆ ನಾಲ್ಕು ಕೂಡಿದ್ದು.

ನಾನು ಸೇರುವ ಹೊತ್ತಿಗೆ ನಮ್ಮಲ್ಲಿ ಸನ್ ಕಂಪನಿಯ ಯಂತ್ರಗಳು ಬಂದು ಅವುಗಳ ಯುನಿಕ್ಸ್ ಆದ ಸೋಲಾರಿಸ್ ಕೂತಿತ್ತು. ಅಲ್ಲಿ ಸಂಖ್ಯೆಗಳು ಹೋಗಿ ಅಕ್ಷರಗಳು ಬಂದಿದ್ದವು. /ಡೆವ್/ಆರ್‌ಎಂಟಿ ಡೈರೆಕ್ಟರಿಯಲ್ಲಿ 0ಎಲ್, 0ಎಂ, 0ಎಚ್, 0ಯು: ಕಡಿಮೆ, ಮಧ್ಯಮ, ಹೆಚ್ಚು, ಅತಿ ಹೆಚ್ಚು. ಕೊನೆಗೆ ಎನ್ ಸೇರಿಸಿದರೆ ಸುತ್ತುವುದಿಲ್ಲ. ನಡುವೆ ಬಿ ಸೇರಿಸಿದರೆ ಬರ್ಕ್ಲಿ ನಡವಳಿಕೆ. ಒಂದೇ ಒಂದು ಡ್ರೈವಿಗೆ ಹೀಗೆ 24 ಹೆಸರುಗಳು. ನಮ್ಮ ಎಚ್‌ಪಿ 88780 ಡ್ರೈವಿಗೆ ಎಲ್ ಅಂದರೆ 800, ಎಂ ಅಂದರೆ 1600, ಎಚ್ ಅಂದರೆ 6250. ಮುಂಬಾಗಿಲು ತೆರೆದು ಸುರುಳಿಯನ್ನು ಅಡ್ಡಡ್ಡ ಒಳಗಿಟ್ಟು ಮುಚ್ಚಿದರೆ ತಾನೇ ಪಟ್ಟಿಯ ತುದಿಯನ್ನು ಗಾಳಿಯಲ್ಲಿ ಎಳೆದುಕೊಂಡು ಸುತ್ತಿಕೊಳ್ಳುವ ಯಂತ್ರ ಅದು. ಬೆಳ್ಳಿ ಬಣ್ಣದ ಗುರುತಿನ ಚೂರು ಹೆಡ್ಡಿನ ಹತ್ತಿರ ಬಂದೊಡನೆ ನಿಂತು 'ಸಿದ್ಧ' ಎಂದು ಹೇಳುತ್ತಿತ್ತು.

ಅಕ್ಷರ ಹಾಕದೆ ಬರೀ 0 ಎಂದರೆ? ಡ್ರೈವನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಸಂರಚನೆಯಲ್ಲಿ ಯಾವುದನ್ನು ರೂಢಿ ಎಂದು ಬರೆದಿದ್ದಾರೋ ಅದು. ತೊಂದರೆ ಹುಟ್ಟುತ್ತಿದ್ದದ್ದು ಅಲ್ಲೇ.

ಬೇರೆ ಊರಿನ ಒಂದು ವಿಭಾಗಕ್ಕೆ ನಾವು ಕಳಿಸಿದ ಟೇಪ್ ವಾಪಸು ಬಂದದ್ದು ಆ ಕಾರಣಕ್ಕೆ. ಅವರ ಡ್ರೈವ್ ಹಳೆಯದು, 800 ಮತ್ತು 1600 ಬಿಟ್ಟು ಬೇರೆ ಬರದು. ನಮ್ಮ ತಂಡದ ಒಬ್ಬ ಹುಡುಗ ಅಕ್ಷರ ಹಾಕದೆ ಬರೆದಿದ್ದ, ಡಬ್ಬಿಯ ಮೇಲೆ ನೇಮಿಷ್ಠನಾಗಿ 1600 ಎಂದು ನಮೂದಿಸಿದ್ದ. ಕಳಿಸಿದ್ದು ಸುಮಾರು 40 ಮೆಗಾಬೈಟ್. ವಾಪಸು ಬಂದ ಟೇಪನ್ನು ಸರ್ ಡ್ರೈವಿಗೆ ಹಾಕಿ ಕೊನೆಯ ತನಕ ಓದಿಸಿದರು. ನಮ್ಮ ಡ್ರೈವ್ ಓದುವಾಗ ಡೆನ್ಸಿಟಿಯನ್ನು ತಾನೇ ಗುರುತಿಸಿಕೊಳ್ಳುತ್ತದೆ. 1600 ಮತ್ತು 6250ರ ಟೇಪುಗಳ ಆರಂಭದಲ್ಲೇ ಅದಕ್ಕೆಂದು ಒಂದು ಗುರುತಿನ ಸಂಕೇತ ಇರುತ್ತದೆ. ಹಾಗಾಗಿ ನಮ್ಮಲ್ಲಿ ಯಾವ ತಕರಾರೂ ಇಲ್ಲದೆ ಓದಿತು. ಓದಿ ಮುಗಿದು ಹಿಂದಕ್ಕೆ ಸುತ್ತತೊಡಗಿತು. ಸರ್ ಕೈ ಕಟ್ಟಿ ನಿಂತು ಆ ಸದ್ದನ್ನು ಕೇಳುತ್ತಿದ್ದರು. ಸದ್ದು ಬೇಗ ನಿಂತಿತು.

"ಇದು ಹದಿನಾರು ನೂರಲ್ಲಮ್ಮ" ಎಂದರು. "ನಲವತ್ತು ಎಂಬಿ ಹದಿನಾರು ನೂರರಲ್ಲಿದ್ದರೆ ಇಡೀ ಸುರುಳಿ ಸುತ್ತಬೇಕು. ಇದು ಕಾಲು ಭಾಗ ಸುತ್ತಿ ನಿಂತಿತು."

ಲೆಕ್ಕ ಹಾಕಿದೆ. 6250ರಲ್ಲಿ 40 ಮೆಗಾಬೈಟಿಗೆ 630 ಅಡಿ. ಹೌದು, 2400ರ ಕಾಲು ಭಾಗ. ಎಂಟಿ ಸ್ಟೇಟಸ್ ಆಜ್ಞೆ ಕೊಟ್ಟು ಪರದೆಯಲ್ಲಿ ನೋಡುವ ಮೊದಲೇ ಅವರಿಗೆ ಕಿವಿಯಿಂದ ಗೊತ್ತಾಗಿತ್ತು. ಹುಡುಗನನ್ನು ಅವರು ಬೈಯಲಿಲ್ಲ. ಅವನನ್ನು ಪಕ್ಕ ಕೂರಿಸಿಕೊಂಡು 0ಎಂ ಎಂಬ ಹೆಸರಿನಲ್ಲಿ ಮತ್ತೆ ಬರೆಸಿದರು. ಆಮೇಲೆ ನಮ್ಮಿಬ್ಬರಿಗೂ ಹೇಳಿದರು: "ಬರೆಯೋ ಮುಂಚೆ ಅವರಿಗೆ ಒಂದು ಫೋನ್ ಮಾಡಿ, ನಿಮ್ಮ ಡ್ರೈವ್ ಯಾವುದು ಅಂತ ಕೇಳಿ. ನಮ್ಮ ಡ್ರೈವಿಗೆ ಏನು ಬರುತ್ತೆ ಅನ್ನೋದನ್ನ ಆಮೇಲೆ ನೋಡೋಣ."

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಯಂತ್ರ ಕೊಂಡವರಿಗೆ ಹೆಚ್ಚಿನ ಡೆನ್ಸಿಟಿಯ ಮೇಲೆ ಕಣ್ಣು, ಅದು ಸಹಜ. ಒಂದು ಸುರುಳಿಯಲ್ಲಿ ಆಗುವುದನ್ನು ನಾಲ್ಕು ಸುರುಳಿಯಲ್ಲಿ ಯಾರು ಬರೆಯುತ್ತಾರೆ? ಆದರೆ ಟೇಪ್ ಬರೆಯುವುದು ಇನ್ನೊಬ್ಬರು ಓದಲಿ ಎಂದು, ಅವರ ಕೈಯಲ್ಲಿ ಇರುವ ಯಂತ್ರಕ್ಕೆ ತಕ್ಕಂತೆ. ಆ ಇನ್ನೊಬ್ಬರು ಪಕ್ಕದ ಊರಿನವರಿರಬಹುದು, ಹತ್ತು ವರ್ಷದ ನಂತರ ಇದೇ ಕುರ್ಚಿಯಲ್ಲಿ ಕೂರುವವರೂ ಇರಬಹುದು. ಸರ್ ಸುರುಳಿಗಳ ಖರ್ಚಿಗೆ ಹಿಂಜರಿಯದೆ 1600ರಲ್ಲೇ ಕಳಿಸುತ್ತಿದ್ದರು. ಲೆಕ್ಕಪತ್ರ ವಿಭಾಗದಿಂದ ಪ್ರಶ್ನೆ ಬಂದಾಗ ಆ ಊರಿನ ಡ್ರೈವಿನ ವಿವರ ಬರೆದು ಟಿಪ್ಪಣಿ ಕೊಡುತ್ತಿದ್ದರು. ಆ ಟಿಪ್ಪಣಿಗಳು ತಾಂತ್ರಿಕ ಬರವಣಿಗೆಗೆ ಒಳ್ಳೆಯ ಮಾದರಿ, ನಾನು ಆ ಶೈಲಿಯಲ್ಲೇ ಬರೆಯಲು ಕಲಿತೆ.

ಸುರುಳಿಗಳ ಪಕ್ಕಕ್ಕೆ ಎಂಟು ಮಿಲಿಮೀಟರಿನ ಕ್ಯಾಸೆಟ್ ಬಂದ ಮೇಲೆ ಕೆಲಸದ ಸ್ವರೂಪ ಬದಲಾಯಿತು. ಅಮೆರಿಕದ ಎಕ್ಸಾಬೈಟ್ ಕಂಪನಿ 1987ರಲ್ಲಿ ವಿಡಿಯೋ ಕ್ಯಾಮೆರಾದ ಕ್ಯಾಸೆಟ್ಟಿನ ತಂತ್ರವನ್ನೇ ಕಂಪ್ಯೂಟರಿಗೆ ಒಗ್ಗಿಸಿ 8200 ಎಂಬ ಡ್ರೈವ್ ತಂದಿತ್ತು. ತಿರುಗುವ ಹೆಡ್, ಪಟ್ಟಿಗೆ ಓರೆಯಾಗಿ ಬೀಳುವ ಗೆರೆಗಳು, 112 ಮೀಟರಿನ ಕ್ಯಾಸೆಟ್ಟಿಗೆ 2.3 ಗಿಗಾಬೈಟ್. ಅದರ ನಂತರದ 8500ರಲ್ಲಿ 5 ಗಿಗಾಬೈಟ್. ಆಮೇಲೆ 8505, ಅದರಲ್ಲಿ ಮಾಹಿತಿಯನ್ನು ಹಿಂಡಿ ಬರೆಯುವ ಸೌಕರ್ಯವೂ ಇತ್ತು. ಅಂಗೈಯಗಲದ ಒಂದು ಕ್ಯಾಸೆಟ್ಟಿನಲ್ಲಿ ಒಂದು ಬೀರುವಿನ ತುಂಬ ಸುರುಳಿಗಳು.

ಇಲ್ಲಿ ಇಂಚಿನ ಲೆಕ್ಕ ಮರೆಯಾಯಿತು. ಡೆನ್ಸಿಟಿ ಎಂಬುದು ಈಗ ಕಂಪ್ಯೂಟರ್ ಡ್ರೈವಿಗೆ ಕಳಿಸುವ ಒಂದು ಸಂಕೇತ ಸಂಖ್ಯೆ. ಕಂಪ್ಯೂಟರ್ ಮತ್ತು ಡ್ರೈವ್ ಮಾತಾಡಿಕೊಳ್ಳುವ ಸ್ಕಸಿ ನಿಯಮಾವಳಿಯಲ್ಲಿ 1 ಅಂದರೆ 800, 2 ಅಂದರೆ 1600, 3 ಅಂದರೆ 6250. ಎಕ್ಸಾಬೈಟಿನ 2.3 ಗಿಗಾಬೈಟ್ ವಿಧಾನಕ್ಕೆ ಹದಿನಾರರ ಲೆಕ್ಕದಲ್ಲಿ 14, 5 ಗಿಗಾಬೈಟಿಗೆ 15. ಈ ಸಂಖ್ಯೆಗಳನ್ನು ಸೋಲಾರಿಸ್‌ಗೆ ತಿಳಿಸುವ ಕಡತ ಎಸ್‌ಟಿ.ಕಾನ್ಫ್. /ಕರ್ನೆಲ್/ಡಿಆರ್‌ವಿ ಡೈರೆಕ್ಟರಿಯಲ್ಲಿ ಇರುತ್ತಿತ್ತು. ನನ್ನ ವೃತ್ತಿಜೀವನದಲ್ಲಿ ಅಷ್ಟು ಚಿಕ್ಕದಾದ, ಅಷ್ಟು ಕಟ್ಟುನಿಟ್ಟಾದ ಇನ್ನೊಂದು ಕಡತವನ್ನು ಕಂಡಿಲ್ಲ.

ಅದರಲ್ಲಿ ಪ್ರತಿ ಡ್ರೈವಿಗೆ ಎರಡು ಭಾಗ. ಮೊದಲ ಭಾಗದಲ್ಲಿ ಡ್ರೈವ್ ತನ್ನನ್ನು ತಾನು ಏನೆಂದು ಪರಿಚಯಿಸಿಕೊಳ್ಳುತ್ತದೋ ಆ ಹೆಸರು, ಪರದೆಯಲ್ಲಿ ತೋರಿಸಲು ಒಂದು ಚೆಂದದ ಹೆಸರು, ಎರಡನೇ ಭಾಗಕ್ಕೆ ಕೊಂಡಿಯಾಗುವ ಒಂದು ಪದ. ಎರಡನೇ ಭಾಗ ಪೂರ್ತಿ ಅಂಕಿಗಳು: ಆವೃತ್ತಿ, ಡ್ರೈವಿನ ಬಗೆ, ಬ್ಲಾಕ್ ಗಾತ್ರ, ಯಾವ ಯಾವ ಕೆಲಸ ಬರುತ್ತದೆ ಎಂದು ಹೇಳುವ ಒಂದು ಉದ್ದನೆಯ ಅಂಕಿ, ಡೆನ್ಸಿಟಿಗಳು ಎಷ್ಟು, ಅವು ಯಾವುವು, ಕೊನೆಗೆ ಅವುಗಳಲ್ಲಿ ರೂಢಿಯದು ಎಷ್ಟನೆಯದು. 8505ಕ್ಕೆ ನಾಲ್ಕು ಡೆನ್ಸಿಟಿ: 14, 15, 90, 8ಸಿ. ಅದೇ ಅನುಕ್ರಮದಲ್ಲಿ ಅವು ಎಲ್, ಎಂ, ಎಚ್, ಯು ಹೆಸರುಗಳಿಗೆ ಹಂಚಿಕೆಯಾಗುತ್ತವೆ. ಅಂದರೆ 0ಎಲ್ ಕೊಟ್ಟರೆ ಹಳೆಯ 8200 ಓದಬಲ್ಲ 2.3 ಗಿಗಾಬೈಟ್, 0ಎಂ ಕೊಟ್ಟರೆ 8500 ಓದಬಲ್ಲ 5 ಗಿಗಾಬೈಟ್. ಎಚ್ ಮತ್ತು ಯು ಅವೆರಡರ ಹಿಂಡಿದ ರೂಪಗಳು. ಕೊನೆಯ ಅಂಕಿ 1 ಇದ್ದರೆ, ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ, ರೂಢಿಯದು ಎರಡನೆಯದು. ಹಿಂಡದ 5 ಗಿಗಾಬೈಟ್.

ಈಗ ಆ ಮೊದಲ ಹೆಸರಿನ ಕಥೆ. ಸ್ಕಸಿ ಪದ್ಧತಿಯಲ್ಲಿ ಡ್ರೈವ್ ತನ್ನ ತಯಾರಕರ ಹೆಸರನ್ನು ಸರಿಯಾಗಿ ಎಂಟು ಅಕ್ಷರದ ಜಾಗದಲ್ಲಿ ಹೇಳುತ್ತದೆ, ಮಾದರಿಯ ಹೆಸರು ಅದರ ನಂತರ. ಎಕ್ಸಾಬೈಟ್ ಎಂಬುದು ಇಂಗ್ಲಿಷಿನಲ್ಲಿ ಏಳಕ್ಷರ, ಒಂದು ಖಾಲಿ ಬಿಟ್ಟು ಮಾದರಿ ಬರೆದರೆ ಎಂಟಾಯಿತು, ಕಣ್ಣಿಗೂ ಸಹಜ. ಎಚ್‌ಪಿ ಎರಡೇ ಅಕ್ಷರ. ಅದರ ಮುಂದೆ ಆರು ಖಾಲಿ ಜಾಗ ಬಿಟ್ಟೇ ಮಾದರಿಯ ಹೆಸರು ಬರೆಯಬೇಕು. ಐದು ಬಿಟ್ಟರೆ ಡ್ರೈವರ್ ಹೊಂದಿಸಿಕೊಳ್ಳುವುದಿಲ್ಲ. ತಪ್ಪೆಂದು ಹೇಳುವುದೂ ಇಲ್ಲ. ಅಪರಿಚಿತ ಡ್ರೈವ್ ಎಂದುಕೊಂಡು ಸಾಮಾನ್ಯ ಸಂರಚನೆಯಲ್ಲಿ ಕೆಲಸ ಶುರುಮಾಡುತ್ತದೆ. ಆಗ ಎಲ್, ಎಂ, ಎಚ್, ಯು ಎಂಬ ನಾಲ್ಕು ಹೆಸರುಗಳೂ ಇರುತ್ತವೆ, ನೀವು ಕೇಳಿದ ಡೆನ್ಸಿಟಿ ಮಾತ್ರ ಇರುವುದಿಲ್ಲ. ಟೇಪ್ ತಿರುಗುತ್ತದೆ, ದೀಪ ಮಿನುಗುತ್ತದೆ, ಬ್ಯಾಕಪ್ ಮುಗಿಯಿತು ಎಂಬ ಸಂದೇಶವೂ ಬರುತ್ತದೆ.

ಇದನ್ನು ಪತ್ತೆ ಹಚ್ಚಲು ನನಗೆ ಒಂದು ಗುರುತು ಸಿಕ್ಕಿತ್ತು. ಎಂಟಿ ಸ್ಟೇಟಸ್ ಕೊಟ್ಟಾಗ ಮೊದಲ ಸಾಲಿನಲ್ಲಿ ನಾವು ಕಡತದಲ್ಲಿ ಬರೆದ ಚೆಂದದ ಹೆಸರು ಬಂದರೆ ಸಂರಚನೆ ಹೊಂದಿಕೊಂಡಿದೆ ಎಂದರ್ಥ. ಅದರ ಬದಲು ತಯಾರಕ ಇಂಥವರು, ಮಾದರಿ ಇಂಥದ್ದು ಎಂದು ಉದ್ಧರಣ ಚಿಹ್ನೆಗಳ ನಡುವೆ ಬಿಡಿಬಿಡಿಯಾಗಿ ಬಂದರೆ ಡ್ರೈವರಿಗೆ ನಮ್ಮ ಸಾಲು ಸಿಕ್ಕಿಲ್ಲ. ಎಷ್ಟು ಖಾಲಿ ಜಾಗ ಬೇಕು ಎಂಬುದೂ ಆ ಉದ್ಧರಣ ಚಿಹ್ನೆಗಳ ನಡುವೆಯೇ ಕಾಣುತ್ತದೆ, ಎಣಿಸಿಕೊಂಡರೆ ಆಯಿತು. ಆಮೇಲೆ ತಂಡಕ್ಕೆ ಯಾರು ಹೊಸದಾಗಿ ಬಂದರೂ ನಾನು ಮೊದಲು ಕಲಿಸುತ್ತಿದ್ದದ್ದು ಆ ಒಂದು ಸಾಲನ್ನು ಓದುವುದನ್ನು. ಕಡತ ತಿದ್ದಿದ ಮೇಲೆ ಯಂತ್ರವನ್ನು ಮರುಸಂರಚನೆಯೊಂದಿಗೆ ಬೂಟ್ ಮಾಡಿ, ಸ್ಟೇಟಸ್ ನೋಡಿ, ಒಂದು ಸಣ್ಣ ಕಡತ ಬರೆದು, ಓದಿ ತಾಳೆ ನೋಡದೆ ಯಾರೂ ಮನೆಗೆ ಹೋಗುತ್ತಿರಲಿಲ್ಲ.

ಹಿಂಡುವಿಕೆಯ ವಿಷಯದಲ್ಲಿ ನನಗೂ ತಂಡದ ಕೆಲವರಿಗೂ ವಾದವಾಗುತ್ತಿತ್ತು. ಯು ಎಂದು ಬರೆದರೆ ಜಾಗ ದುಪ್ಪಟ್ಟು ಸಿಗುತ್ತದೆ ಎಂದು ಅವರ ಹಂಬಲ. ಉಪಗ್ರಹ ಚಿತ್ರ ಅಷ್ಟಾಗಿ ಹಿಂಡಿಕೊಳ್ಳುವುದಿಲ್ಲ, ನೆಲದ ಪ್ರತಿ ಚುಕ್ಕೆಯೂ ಬೇರೆ. ಮೊದಲೇ ಕಂಪ್ರೆಸ್ ಆಜ್ಞೆಯಿಂದ ಹಿಂಡಿದ ಕಡತವಂತೂ ಇನ್ನಷ್ಟು ಸಣ್ಣದಾಗುವುದೇ ಇಲ್ಲ. ಜಾಗ ಉಳಿದರೂ, ಹಿಂಡಿದ ಕ್ಯಾಸೆಟ್ ಬರೀ 8500 ಇರುವವರ ಕೈಗೆ ಹೋದರೆ ಓದಲಾಗದು. ಹೊರಗೆ ಹೋಗುವ ಕ್ಯಾಸೆಟ್ಟಿಗೆ ಹಿಂಡುವಿಕೆ ಬೇಡ ಎಂದು ನಾನು ಬರೆದಿಟ್ಟ ನಿಯಮವನ್ನು ಈಗಲೂ ಸರಿಯೆಂದೇ ನಂಬಿದ್ದೇನೆ.

ಸನ್ ಯಂತ್ರಗಳಲ್ಲಿ ಹಳೆಯ ಸನ್‌ಓಎಸ್ 4 ಇದ್ದವು ಇನ್ನೂ ಒಂದೆರಡು ಉಳಿದಿದ್ದವು. ಅವುಗಳ ಬ್ಯಾಕಪ್ಪಿಗೆ ಡಂಪ್ ಆಜ್ಞೆ. ಟೇಪ್ ಮುಗಿಯಿತೆಂದು ಡ್ರೈವ್ ಹೇಳುತ್ತದೆ ಎಂಬ ನಂಬಿಕೆಯ ಮೇಲೆ ಡಂಪ್ ನಡೆಯುತ್ತಿರಲಿಲ್ಲ. ಇಂಚಿಗೆ ಎಷ್ಟು, ಟೇಪ್ ಎಷ್ಟು ಅಡಿ, ನಡುವಿನ ಖಾಲಿ ಎಷ್ಟು ಎಂದು ತಾನೇ ಲೆಕ್ಕ ಹಾಕಿ ಈಗ ಟೇಪ್ ಮುಗಿದಿರಬೇಕು ಎಂದು ತೀರ್ಮಾನಿಸುತ್ತಿತ್ತು. ಏನೂ ಹೇಳದಿದ್ದರೆ 1600 ಮತ್ತು 2300 ಅಡಿ ಎಂದು ಹಿಡಿಯುತ್ತಿತ್ತು. ಅದನ್ನೇ ಎಕ್ಸಾಬೈಟಿಗೆ ಬಳಸಿದರೆ 2.3 ಗಿಗಾಬೈಟಿನ ಕ್ಯಾಸೆಟ್ಟಿನಲ್ಲಿ ನಲವತ್ತು ಮೆಗಾಬೈಟ್ ಬರೆದು, ಎರಡನೇ ಟೇಪ್ ಹಾಕಿ ಎಂದು ಕೇಳುತ್ತಾ ರಾತ್ರಿಯಿಡೀ ನಿಂತುಬಿಡುತ್ತಿತ್ತು. ಹಾಗಾಗಿ ಆಡಳಿತಗಾರರೆಲ್ಲ ಡೆನ್ಸಿಟಿ 54000, ಉದ್ದ 6000 ಅಡಿ ಎಂದು ಕೊಡುತ್ತಿದ್ದರು. ಆ ಕ್ಯಾಸೆಟ್ಟಿನಲ್ಲಿ ನಿಜಕ್ಕೂ ಇರುವುದು 367 ಅಡಿ ಪಟ್ಟಿ, ಓರೆ ಗೆರೆಗಳಿಗೆ ಇಂಚಿನ ಲೆಕ್ಕವೇ ಹೊಂದುವುದಿಲ್ಲ. ಎರಡು ಅಂಕಿಗಳೂ ಸತ್ಯವಲ್ಲ. ಆದರೆ ದೊಡ್ಡ ಬ್ಲಾಕಿನೊಂದಿಗೆ ಅವನ್ನು ಡಂಪ್‌ನ ಸೂತ್ರಕ್ಕೆ ಹಾಕಿದರೆ ಎರಡು ಗಿಗಾಬೈಟಿಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಕ್ಯಾಸೆಟ್ಟಿನ ನಿಜವಾದ ಅಳತೆಗೆ ಹತ್ತಿರ. ಸುರುಳಿಗಳ ಕಾಲದ ಭಾಷೆಯಲ್ಲಿ ಮಾತ್ರ ಯೋಚಿಸಬಲ್ಲ ಕಾರ್ಯಕ್ರಮಕ್ಕೆ ಹೊಸ ಸಾಧನವನ್ನು ಆ ಭಾಷೆಯಲ್ಲೇ ವಿವರಿಸಿದ ಆ ಜಾಣತನಕ್ಕೆ ನಾನು ಮನಸೋತಿದ್ದೇನೆ.

ಡೆನ್ಸಿಟಿಯನ್ನು ಕಣ್ಣಾರೆ ಕಂಡದ್ದೂ ಉಂಟು. ಹಳೆಯ ಬೀರುವಿನಲ್ಲಿ ಚೀಟಿ ಉದುರಿಹೋದ ಸುರುಳಿಗಳು ಸಿಕ್ಕಿದ್ದವು. ಆ ಹೊತ್ತಿಗೆ ಡ್ರೈವ್ ರಿಪೇರಿಯಲ್ಲಿತ್ತು. ರಿಪೇರಿಗೆ ಬಂದ ಎಂಜಿನಿಯರ್ ತಮ್ಮ ಪೆಟ್ಟಿಗೆಯಿಂದ ಒಂದು ಸಣ್ಣ ಬಾಟಲಿ ತೆಗೆದರು. ಬೇಗ ಆರುವ ದ್ರವದಲ್ಲಿ ಅತಿ ನುಣುಪಾದ ಕಬ್ಬಿಣದ ಪುಡಿ. ಚೆನ್ನಾಗಿ ಕುಲುಕಿ, ಸುರುಳಿಯ ಆರಂಭದಿಂದ ಒಂದಷ್ಟು ದೂರದ ಪಟ್ಟಿಯ ಮೇಲೆ ಒಂದೆರಡು ಹನಿ ಸವರಿದರು. ದ್ರವ ಆರಿತು. ಕಂದು ಪಟ್ಟಿಯ ಮೇಲೆ ಬೂದು ಬಣ್ಣದ ಒಂಬತ್ತು ಸಾಲುಗಳು ಎದ್ದು ನಿಂತವು. ನಡುವೆ ಸ್ವಚ್ಛವಾದ ಖಾಲಿ, ಮತ್ತೆ ಒಂಬತ್ತು ಸಾಲು. ಅವರು ಜೇಬಿನ ಸ್ಕೇಲನ್ನು ಆ ಖಾಲಿಯ ಪಕ್ಕ ಇಟ್ಟರು. ಹದಿನೈದು ಮಿಲಿಮೀಟರ್. "ಆರು ಹತ್ತಾಂಶ ಇಂಚು. 6250 ಅಲ್ಲ ಮೇಡಂ, 800 ಇಲ್ಲಾ 1600" ಎಂದರು. ಭೂತಗನ್ನಡಿ ಕೊಟ್ಟರು. ಗೆರೆಗಳು ಒಂದಕ್ಕೊಂದು ಅಂಟಿಕೊಂಡಂತೆ ದಟ್ಟವಾಗಿದ್ದವು. ವರ್ಷಗಳಿಂದ ಆಜ್ಞೆ ಕೊಡುತ್ತಾ ಬಂದಿದ್ದ ವಸ್ತು ಬೆರಳ ತುದಿಯಲ್ಲಿ ಇತ್ತು. ನಾನು ಬಹಳ ಹೊತ್ತು ಭೂತಗನ್ನಡಿ ಕೆಳಗಿಡಲಿಲ್ಲ. ಆಮೇಲೆ ಅವರು ಪಟ್ಟಿಯನ್ನು ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ ಸುತ್ತಿದರು. ಡ್ರೈವ್ ಸರಿಯಾದ ಮೇಲೆ ಓದಿದಾಗ ಅದು 1600.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸುರುಳಿಗಳನ್ನೆಲ್ಲ ಡಿಎಲ್‌ಟಿ ಕ್ಯಾಸೆಟ್ಟಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂತು. ಸರ್ ಅಷ್ಟರಲ್ಲಿ ನಿವೃತ್ತರಾಗಿದ್ದರು. ಡಿಎಲ್‌ಟಿ 7000 ಡ್ರೈವಿನ ಒಂದು ಕ್ಯಾಸೆಟ್ಟಿಗೆ ಹಿಂಡದೆಯೇ 35 ಗಿಗಾಬೈಟ್, 1600ರ ಸುರುಳಿಗಳಾದರೆ ಎಂಟುನೂರಕ್ಕೂ ಮೇಲೆ. ಪ್ರತಿ ಸುರುಳಿಯನ್ನೂ ಡಿಡಿ ಆಜ್ಞೆಯಿಂದ ಓದಿದೆವು. ಬ್ಲಾಕ್ ಗಾತ್ರವನ್ನು ದೊಡ್ಡದಾಗಿಯೇ ಕೊಡಬೇಕು. ಟೇಪಿನ ಬ್ಲಾಕಿಗಿಂತ ಚಿಕ್ಕದು ಕೊಟ್ಟರೆ ಓದುವುದು ಅಲ್ಲೇ ನಿಲ್ಲುತ್ತದೆ, ದೊಡ್ಡದು ಕೊಟ್ಟರೆ ಇದ್ದಷ್ಟನ್ನು ತಂದುಕೊಡುತ್ತದೆ. ಒಂದು ಕಡತ ಮುಗಿದ ಗುರುತು ಬಂದಾಗ ನಿಂತು, ಸುತ್ತದ ಹೆಸರಿನಿಂದ ಮುಂದಿನದನ್ನು ಓದು. ಹೀಗೆ ಎರಡು ಗುರುತು ಒಟ್ಟಿಗೆ ಸಿಗುವ ತನಕ. ತೇವ ಹಿಡಿದು ಅಂಟಂಟಾದ ಕೆಲವು ಸುರುಳಿಗಳು ಹೆಡ್ಡಿಗೆ ಕಂದು ಮೇಣ ಮೆತ್ತುತ್ತಿದ್ದವು. ಪ್ರತಿ ಸುರುಳಿಗೂ ಹೆಡ್ ಒರೆಸಿ ಮುಂದೆ ಹೋದೆವು. ಸರ್ ಕಾಲದಲ್ಲಿ ಡೆನ್ಸಿಟಿ, ಬ್ಲಾಕ್ ಗಾತ್ರ, ಕಡತಗಳ ಸಂಖ್ಯೆ ಮೂರನ್ನೂ ಬರೆದಿಟ್ಟ ಡಬ್ಬಿಗಳ ಕೆಲಸ ಸರಾಗವಾಗಿ ನಡೆಯಿತು. ಬರೆಯದೆ ಬಿಟ್ಟವಕ್ಕೆ ಅದರ ಎಷ್ಟೋ ಪಟ್ಟು ಸಮಯ ಹಿಡಿಯಿತು. ಡಿಎಲ್‌ಟಿ ಡಬ್ಬಿಗಳಿಗೆ ಚೀಟಿ ಅಂಟಿಸುವಾಗ ನಾನು ಆ ಮೂರರ ಜೊತೆಗೆ ನಾಲ್ಕನೆಯದನ್ನೂ ಸೇರಿಸಿದೆ: ಬರೆದ ಯಂತ್ರದ ಎಸ್‌ಟಿ.ಕಾನ್ಫ್ ಕಡತದ ಆ ಡ್ರೈವಿನ ಸಾಲು, ಖಾಲಿ ಜಾಗಗಳ ಎಣಿಕೆ ಸಮೇತ, ಮುದ್ರಿಸಿ ಒಳಗಿಟ್ಟಿದ್ದು.

ಕೆಲಸ ಮುಗಿಯುತ್ತಾ ಬಂದಾಗ, ಹಿಂದೆ ಟೇಪ್ ವಾಪಸು ಕಳಿಸಿದ್ದ ವಿಭಾಗದವರೇ ತಮ್ಮ ಹಳೆಯ ಕೆರೆಗಳ ಚಿತ್ರಗಳ ಪ್ರತಿ ಬೇಕೆಂದು ಪತ್ರ ಬರೆದರು. ಪತ್ರದಲ್ಲಿ ಡ್ರೈವಿನ ವಿಚಾರ ಇರಲಿಲ್ಲ. ಫೋನು ಮಾಡಿ ಕೇಳಿದೆ. ಅವರಲ್ಲಿ ಇದ್ದದ್ದು ಮೊದಲ ತಲೆಮಾರಿನ ನಾಲ್ಕು ಮಿಲಿಮೀಟರಿನ ಡ್ಯಾಟ್ ಡ್ರೈವ್, ಹಿಂಡುವಿಕೆ ಬರದು. ನಮ್ಮದು ಹೊಸದು, 120 ಮೀಟರಿನ ಕ್ಯಾಸೆಟ್ ಹಾಕಿದರೆ 4 ಗಿಗಾಬೈಟ್ ಬರೆಯುತ್ತದೆ, ಅವರಿಗೆ ಅದು ಉಪಯೋಗವಿಲ್ಲ. 90 ಮೀಟರಿನ ಕ್ಯಾಸೆಟ್ಟುಗಳನ್ನು ಹುಡುಕಿ ತರಿಸಿ, ಹಿಂಡುವಿಕೆ ತೆಗೆದು, 2 ಗಿಗಾಬೈಟಿನ ಹಳೆಯ ಡೆನ್ಸಿಟಿಯಲ್ಲಿ ಬರೆದು ಕಳಿಸಿದೆವು. ಓದಿಸಿಕೊಂಡಿತು ಎಂದು ಮುಂದಿನ ವಾರ ಅವರೇ ಫೋನು ಮಾಡಿದರು. ಆ ಸುದ್ದಿಯನ್ನು ಸರ್ ಮನೆಗೂ ಮುಟ್ಟಿಸಿದೆ. ಅವರು ಕೇಳಿದ್ದು, ಬ್ಲಾಕ್ ಗಾತ್ರ ಚೀಟಿಯಲ್ಲಿ ಬರೆದೆಯಾ ಎಂದು. ಬರೆದಿದ್ದೆ.